ಹಗ್ಗ ಇಟ್ಟುಕೊಂಡು ಕಂಪ್ಯೂಟರ್ ಕೊಟ್ಟದ್ದು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ನನಗೆ ಆ ಕಾಯಿಲೆ ಹಿಡಿದದ್ದು ಮಾಗಡಿಯ ತಾಲ್ಲೂಕು ಕಚೇರಿ ರಸ್ತೆಯಲ್ಲಿ, ನನ್ನ ಅಂಗಡಿಗೆ ಎದುರಾಗಿ ಇನ್ನೊಂದು ಅಂಗಡಿಯ ಬಾಗಿಲು ತೆರೆದ ದಿನ. ನನ್ನದು ಟೈಪಿಂಗ್, ಜೆರಾಕ್ಸ್, ಅರ್ಜಿ ಬರೆಯುವ ಕೆಲಸ. ಸುತ್ತಲ ಹಳ್ಳಿಗಳ ಖಾತೆ ಬದಲಾವಣೆ, ವಿಧವಾ ವೇತನ, ಪಡಿತರ ಚೀಟಿ ಎಲ್ಲವೂ ಎಷ್ಟೋ ವರ್ಷ ನನ್ನ ಕೈ ದಾಟಿಯೇ ಹೋಗಿವೆ. ಎದುರಿನವಳು ಸಾತನೂರಿನ ಹೆಣ್ಣುಮಗಳು, ಮಾಗಡಿಗೆ ಮದುವೆಯಾಗಿ ಬಂದವಳು. ಅಂಗಡಿ ಮುಂದೆ ಒಂದು ಬೆಂಚು ಹಾಕಿದಳು, ಪಕ್ಕದಲ್ಲಿ ನೀರಿನ ಕೊಡ ಇಟ್ಟಳು, ಅಷ್ಟೇ. ಪಕ್ಕದ ಹಳ್ಳಿ ಕಲ್ಯದ ಬಸ್ಸಿಳಿದ ಜನ ನನಗೊಂದು ನಮಸ್ಕಾರ ಹಾಕಿ ಅವಳ ಬೆಂಚಿನ ಮೇಲೆ ಹೋಗಿ ಕೂರತೊಡಗಿದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ನಮಸ್ಕಾರ ಹಾಕದೆ ಹೋಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ದಿನವೂ ಎಣಿಸುತ್ತಿದ್ದೆ. ಅವಳಿಗೆ ಎಷ್ಟು ಜನ, ನನಗೆ ಎಷ್ಟು ಜನ. ಒಂದು ಮಧ್ಯಾಹ್ನ ಮುದ್ದೆ ಉಂಡು ಬಂದು, ಮಾಡಲು ಬೇರೆ ಕೆಲಸವಿಲ್ಲದೆ, ಅವಳ ಮೇಲೆ ಒಂದು ಮೂಗರ್ಜಿ ಟೈಪು ಮಾಡಿದೆ. ಪರವಾನಗಿ ಇಲ್ಲ, ಬಡವರನ್ನು ಸುಲಿಯುತ್ತಾಳೆ, ದಾಖಲೆ ತಿದ್ದುತ್ತಾಳೆ ಅಂತೆಲ್ಲ ಬರೆದೆ. ಒಂದಕ್ಷರವೂ ನಿಜವಲ್ಲ, ಆದರೆ ಅರ್ಜಿ ಮಾತ್ರ ಸೊಗಸಾಗಿ ಬಂದಿತ್ತು. ಸಹಿಯ ಜಾಗದಲ್ಲಿ 'ನೊಂದ ನಾಗರಿಕರು' ಅಂತ ಹಾಕಿ ಎರಡು ಸಲ ಓದಿ ಖುಷಿಪಟ್ಟೆ. ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ, ಅಳಿಸಿಬಿಟ್ಟೆ.

ಆಮೇಲೆ ಅವಳಲ್ಲಿ ಹೊಸ ಕಂಪ್ಯೂಟರ್ ಇದೆ ಅನ್ನುವ ಒಂದೇ ಕಾರಣಕ್ಕೆ ನನಗೂ ಹೊಸದು ಬೇಕಾಯಿತು. ಹಳೆಯದನ್ನು ರಾಮನಗರದ ಒಬ್ಬ ವ್ಯಾಪಾರಿಗೆ ಕೊಡುವುದೆಂದಾಯಿತು. ಕೊಡುವ ಮೊದಲು ಒಳಗಿರುವುದನ್ನು ಸರಿಯಾಗಿ ಅಳಿಸಬೇಕು ಅಂತ ಗೊತ್ತಿತ್ತು. ಹೇಗೆ ಅಂತ ಗೊತ್ತಿರಲಿಲ್ಲ. ನಮ್ಮ ರಸ್ತೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅವಳನ್ನು ಕೇಳುವುದಕ್ಕಿಂತ ಕಂಪ್ಯೂಟರನ್ನು ಬಾವಿಗೆ ಹಾಕುವುದು ವಾಸಿ ಅನ್ನಿಸಿತು. ಫೋಲ್ಡರುಗಳನ್ನೆಲ್ಲ ಡಿಲೀಟ್ ಮಾಡಿ, ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಮುಗಿಯಿತು ಅಂದುಕೊಂಡೆ.

ಕೊಡುವ ದಿನ ಅವ್ವ ಅಂಗಡಿಗೆ ಬಂದಿದ್ದಳು. ನಮ್ಮ ಮನೆಯಲ್ಲಿ ಹಸು ಮಾರಿದರೂ ಅದರ ಹಗ್ಗ ಕೊಡುವುದಿಲ್ಲ, ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಅನ್ನುವ ನಂಬಿಕೆ. ಇಷ್ಟು ವರ್ಷ ಅನ್ನ ಹಾಕಿದ್ದು, ಇದರ ಹಗ್ಗವನ್ನೂ ಬಿಚ್ಚಿಕೋ ಅಂದಳು. ನಾನು ಕರೆಂಟಿನ ವೈರು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದೆ. ಕಂಪ್ಯೂಟರ್ ಆಯುಧಪೂಜೆಯ ಅರಿಶಿನ ಕುಂಕುಮದ ಸಮೇತ ರಾಮನಗರದ ಬಸ್ಸು ಹತ್ತಿತು.

ಹದಿನೈದು ದಿನ ಕಳೆದಿರಬೇಕು. ಎದುರಂಗಡಿಯವಳು ರಸ್ತೆ ದಾಟಿ ನನ್ನ ಅಂಗಡಿಗೆ ಬಂದಳು. ಬಂದದ್ದು ಅದೇ ಮೊದಲು. ಸ್ಕ್ಯಾನಿಂಗ್ ಕೆಲಸಕ್ಕೆ ಅಂತ ಅದೇ ವ್ಯಾಪಾರಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದಳಂತೆ. ಹಳೆಯದು ತಂದರೆ ಒಳಗೆ ಏನಾದರೂ ಉಳಿದಿದೆಯಾ ಅಂತ ಹುಡುಕಿ, ಪೂರ್ತಿ ಅಳಿಸಿಯೇ ಬಳಸುವುದು ಅವಳ ಅಭ್ಯಾಸ. ಹುಡುಕಿದಾಗ ನನ್ನ ಅಂಗಡಿಯ ಕಾಗದಗಳೆಲ್ಲ ಎದ್ದು ಬಂದವಂತೆ. ಹೇಳುತ್ತಿದ್ದಂತೆ, ಆ ಕಂಪ್ಯೂಟರಿನ ಜೊತೆ ಬಾರದಿದ್ದ ವೈರು ಮೊಳೆಯ ಮೇಲಿರುವುದು ಅವಳ ಕಣ್ಣಿಗೆ ಬಿತ್ತು.

"ನಮ್ಮ ಸಾತನೂರಲ್ಲೂ ಹಗ್ಗ ಕೊಡಾಕಿಲ್ಲ ಕಣಣ್ಣ," ಅಂದಳು. "ಆದ್ರೆ ನೀವು ಹಗ್ಗ ಇಟ್ಕಂಡು ಊರೋರ ಆಧಾರೆಲ್ಲಾ ಕೊಟ್ಬುಟ್ಟಿದ್ದೀರಿ."

ಅವಳ ಹಿಂದೆಯೇ ಹೋಗಿ ಆ ಬೆಂಚಿನ ಮೇಲೆ ಕೂತೆ. ನೀರು ಕೊಟ್ಟಳು, ತಣ್ಣಗಿತ್ತು. ಡಿಲೀಟ್ ಅಂದರೆ ಪಹಣಿಯಲ್ಲಿ ಹೆಸರು ತೆಗೆದಂತೆ, ಹೆಸರು ಹೋದರೂ ಹೊಲದ ಪೈರು ಹಾಗೇ ನಿಂತಿರುತ್ತೆ, ಇಡೀ ಹೊಲವನ್ನು ಉತ್ತುಬಿಟ್ಟರೆ ಮಾತ್ರ ಹೋಗುತ್ತೆ ಅಂತ ವಿವರಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ಪಾಸ್‌ಬುಕ್ಕುಗಳು, ಫೋಟೋಗಳು, ಕಲ್ಯದ ಮುದುಕಿಯೊಬ್ಬಳ ಹೆಬ್ಬೆಟ್ಟು ಸಾಲಾಗಿ ಬಂದವು. ಕಳ್ಳನೊಬ್ಬನ ಕೈಗೆ ಸಿಕ್ಕಿದ್ದರೆ ಆ ಮುದುಕಿಯ ಪಿಂಚಣಿಯ ಗತಿ ಏನಾಗುತ್ತಿತ್ತೋ. ನನ್ನನ್ನು ನಂಬಿ ಕೊಟ್ಟವರು ಅವರೆಲ್ಲ. ನಾಚಿಕೆಯಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ಹುಡುಕುತ್ತಿದ್ದದ್ದು ಮೂಗರ್ಜಿಯನ್ನು.

ಅದೂ ಇತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಓದ್ದೆ," ಅಂದಳು. "ಚೆನ್ನಾಗಿ ಬರ್ದಿದ್ದೀರಿ. ನಂಗೆ ಇಂಗೆ ಬರ್ಯಾಕೆ ಬರಾಕಿಲ್ಲ."

ದನಿಯಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ತಿರುಗಿ ಜಗಳವಾಡಿ ಎದ್ದು ಬರಬಹುದಿತ್ತು. ಇಷ್ಟು ವರ್ಷದಲ್ಲಿ ನನ್ನ ಬರವಣಿಗೆಯನ್ನು ಹೊಗಳಿದವರು ಇನ್ನೊಬ್ಬರಿಲ್ಲ. ಆ ಕ್ಷಣ ಅವಳ ಗಿರಾಕಿಗಳಿಗಿಂತ ಅವಳ ಒಳ್ಳೆಯ ಬುದ್ಧಿಯ ಮೇಲೆಯೇ ನನಗೆ ಹೆಚ್ಚು ಹೊಟ್ಟೆಕಿಚ್ಚಾಯಿತು.

ಉಳುವ ಕೆಲಸಕ್ಕೆ ಎಲ್ಲ ಅಣಿಮಾಡಿ, ನೀವೇ ಒತ್ತಿ ಅಂತ ಮೌಸನ್ನು ನನ್ನ ಕಡೆ ಸರಿಸಿದಳು. ಒತ್ತಿದೆ. ಸಂಜೆಯವರೆಗೆ ಹಿಡಿಯುತ್ತೆ, ಪೂರ್ತಿ ಹೋಗಿದ್ದನ್ನು ಕಣ್ಣಾರೆ ನೋಡಿಕೊಂಡೇ ಹೋಗಿ ಅಂದಳು. ಕೂತೆ. ಕಲ್ಯದ ಬಸ್ಸು ಬಂತು, ಜನ ಬಂದರು. ನನ್ನ ಹಳೆಯ ಗಿರಾಕಿಯೊಬ್ಬರು ಬೆಂಚಿನಲ್ಲಿ ನನ್ನನ್ನು ಕಂಡು ಗಾಬರಿಯಾಗಿ, "ನೀವೂ ಇಲ್ಲಿಗೇ ಬತ್ತೀರಾ?" ಅಂತ ಕೇಳಿದರು.

ಹೌದು ಅಂದು, ಸರಿದು ಜಾಗ ಕೊಟ್ಟೆ. ಅವರನ್ನೂ ಸೇರಿಸಿ ಅವತ್ತು ಅವಳಿಗೆ ಹನ್ನೊಂದು ಜನ. ನನ್ನನ್ನು ಸೇರಿಸಿದರೆ ಹನ್ನೆರಡು.