ಹತ್ತು ಮೊಳದ ಏಣಿ

ನಿಜಾಮರ ಆಳ್ವಿಕೆ ಮುಗಿದು ರಂಗಂಪೇಟೆಯ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದ ಹೊಸತು. ಕುರಿ ಕಾಯುವ ನಮ್ಮ ಮನೆಯಿಂದ ಅಲ್ಲಿಗೆ ಹೋಗುತ್ತಿದ್ದವಳು ನಾನೊಬ್ಬಳೇ. "ಅಲ್ಲಿ ಕಲ್ತಿದ್ದು ಮನಿಗೇನು ಬಂತು?" ಎಂದು ಅಪ್ಪ ದಿನಾ ಕೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾಳಿಗೆಯ ಮೇಲೆ ಮೇವು ಒಟ್ಟಲು ಏಣಿ ಬೇಕಾಯಿತು. ಗೋಡೆಯ ಬುಡದಲ್ಲಿ ಕುರಿಮರಿಗಳನ್ನು ಕೂಡಿಹಾಕುವ ದಡ್ಡಿ ಇದ್ದುದರಿಂದ ಏಣಿಯ ಕಾಲನ್ನು ಅದರಾಚೆ ಊರಬೇಕು. ಅಪ್ಪ ಮೊಣಕೈಯೂರಿ ಮೊಳ ಹಾಕಿ ಅಳೆದ: ಗೋಡೆಯ ಎತ್ತರ ಎಂಟು ಮೊಳ, ಗೋಡೆಯಿಂದ ದಡ್ಡಿಯಾಚೆಗೆ ಆರು. ನಾನು ಸುಮ್ಮನಿರಬೇಕಲ್ಲ, ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿದೆ: ಎಂಟೆಂಟಲೆ ಅರವತ್ನಾಲ್ಕು, ಆರಾರಲೆ ಮೂವತ್ತಾರು, ಕೂಡಿದರೆ ನೂರು. ಹತ್ತು ಹತ್ತಲೆ ನೂರು.

"ಏಣಿ ಹತ್ತು ಮೊಳ ಸಾಕಪ್ಪಾ."

"ತಪ್ಪಿದ್ರ ಸಾಲಿ ಬಂದ್. ಕುರಿ ಹಿಂದ ನಡಿ."

ಅಪ್ಪನ ತಮ್ಮ, ನಮ್ಮ ಕಾಕಾ, ಏಣಿ ಕಟ್ಟಿಸಲು ಸುರಪುರದ ಬಜಾರಿಗೆ ಹೋದ. ಅವನು ಬರುವವರೆಗೆ ನೆಲದ ಮೇಲೆ ಇದ್ದಿಲಿನಿಂದ ಮತ್ತೆ ಮತ್ತೆ ಅದೇ ಲೆಕ್ಕ ಬರೆದೆ. ಸರಿಯಿತ್ತು.

ಸಂಜೆ ಏಣಿ ಬಂತು. ದಡ್ಡಿಯಾಚೆ ಕಾಲೂರಿ ಗೋಡೆಗೆ ಆನಿಸಿದರೆ ಮಾಳಿಗೆಯ ಅಂಚು ಇನ್ನೂ ಎರಡು ಮೊಳ ಮೇಲೆ!

"ನೋಡು ನಿನ್ನ ಸಾಲಿ!" ಅಪ್ಪ ಗುಡುಗಿದ.

"ನನ್ನ ಲೆಕ್ಕ ತಪ್ಪಿಲ್ಲ" ಅಂದೆ.

"ಕುಣಿಲಾರದಾಕಿ ನೆಲ ಡೊಂಕ ಅಂದ್ಳಂತ" ಎಂದು ಕಾಕಾ ನಕ್ಕ. "ನಾನ ಅಳದು ತಂದೀನಲ್ಲ, ಹತ್ತಂದ್ರ ಹತ್ತು."

ಅಪ್ಪ ಕುರಿ ಕಾಯುವ ಬಡಿಗೆಯನ್ನು ಬಾಗಿಲಿಗೆ ಆನಿಸಿಟ್ಟ. "ನಾಳಿಯಿಂದ ಇದು ನಿಂದು." ನನಗೆ ಅಳು ಒತ್ತರಿಸಿ ಬಂತು.

ಕಾಕಾ ಏಣಿಯನ್ನು ನೆಲಕ್ಕೆ ಮಲಗಿಸಿ ನನ್ನ ಕಣ್ಣೆದುರೇ ಮತ್ತೆ ಮೊಳ ಹಾಕಿದ. ಸರಿಯಾಗಿ ಹತ್ತು. ಆಗ ಅವನ ಕೈ ನೋಡಿದೆ. ಕಾಕಾ ಗಿಡ್ಡ, ಅಪ್ಪನ ಹೆಗಲಿಗೂ ಬರುತ್ತಿರಲಿಲ್ಲ.

"ಅಪ್ಪಾ, ನೀ ಒಮ್ಮಿ ಅಳಿ."

ಅಪ್ಪ ಗೊಣಗುತ್ತಲೇ ಬಗ್ಗಿದ. ಎಂಟೂವರೆ ಮೊಳಕ್ಕೇ ಏಣಿ ಮುಗಿಯಿತು. ಈ ತುದಿಯಿಂದ ಆ ತುದಿಗೆ ಇನ್ನೊಮ್ಮೆ ಅಳೆದ. ಕಾಕಾ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಯವ್ವಾ, ಇದೇನಾತು!" ಅಪ್ಪ ಎದ್ದು ದಡ್ಡಿಯ ಕಡೆ ಹೋದ. ಸಾಲಿ ಉಳಿಯಿತೋ ಹೋಯಿತೋ, ಕೇಳಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಹೆದರುತ್ತಲೇ ಬಾಗಿಲಿಗೆ ಬಂದೆ. ಬಡಿಗೆ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದು ಹಗ್ಗ ತೂಗುತ್ತಿತ್ತು, ಅಪ್ಪನ ಮೊಳಕ್ಕೊಂದು ಗಂಟು ಹಾಕಿದ್ದು. ಬಡಿಗೆ ಹಿಡಿದ ಅಪ್ಪ ಆಗಲೇ ಕುರಿಗಳ ಹಿಂದೆ ಹೊರಟಿದ್ದ.

"ಸಾಲಿ ಬಿಟ್ಟ ಮ್ಯಾಲ ಕಾಕಾನ ಕೂಡ ಬಜಾರಕ್ಕ ಹೋಗು" ಎಂದು ತಿರುಗಿ ನೋಡದೆಯೇ ಕೂಗಿದ. "ಈ ಸಲ ನೀನ ಅಳಿ."