ಯಸಾಕುವಿನ ಕೊನೆಯ ಜಾಡಿ ಕಹಿನೀರು

ಜಪಾನಿನ ಅಕೋ ಪಟ್ಟಣದ ಬಂದರು ಬೀದಿಯಲ್ಲಿ ಹಮಾನಾಕಾ ತಮೇಗೊರೋನ ತೋಫು ಅಂಗಡಿಯನ್ನು ಯಾರೂ ವಿಳಾಸ ಹಿಡಿದು ಹುಡುಕಬೇಕಾಗಿರಲಿಲ್ಲ. ಬೈಗುಳ ಕೇಳಿಸಿದ ಕಡೆ ನಡೆದರೆ ಸಾಕಿತ್ತು. ಎಪ್ಪತ್ತೆರಡರ ಈ ಮುದುಕ ಸೋಯಾ ಹಾಲು ಒಡೆಸಿ, ಅಚ್ಚಿಗೆ ಸುರಿದು, ಕಲ್ಲು ಹೇರಿ ಮಾಡುತ್ತಿದ್ದ ತೋಫು ಅವನ ಸ್ವಭಾವದ ಹಾಗೆಯೇ ಗಟ್ಟಿ. "ಕತ್ತರಿಸಿದ್ರೆ ಅಂಚು ನಿಲ್ಬೇಕು. ನಿಲ್ಲದೇ ಇದ್ರೆ ಅದು ತೋಫು ಅಲ್ಲ, ಗಂಜಿ" ಎಂಬುದು ಅವನ ವೇದವಾಕ್ಯ.

ಹಾಲು ಒಡೆಯಲು ನಿಗಾರಿ ಬೇಕು. ಸಮುದ್ರದ ನೀರು ಕುದಿಸಿ ಉಪ್ಪು ತೆಗೆದ ಮೇಲೆ ತಳದಲ್ಲಿ ಉಳಿಯುವ ಕಹಿನೀರು ಅದು, ಅದರ ತುಂಬಾ ಮೆಗ್ನೀಸಿಯಂ. ಬಿಸಿ ಹಾಲಿಗೆ ಬಿದ್ದರೆ ಕಾಳಿನ ಸತ್ವವನ್ನೆಲ್ಲ ಒಂದಕ್ಕೊಂದು ಅಂಟಿಸಿ ನೀರನ್ನು ಹೊರಗೆ ಹಾಕುತ್ತದೆ. ಹೊಟ್ಟೆಗೆ ಬಿದ್ದರೆ ಕರುಳಿಗೆ ನೀರೆಳೆದು ಮನುಷ್ಯನನ್ನೇ ಹಿತ್ತಲಿಗೆ ಓಡಿಸುತ್ತದೆ. ಯುದ್ಧದ ಕಾಲದಲ್ಲಿ ಸರ್ಕಾರ ಊರಿನ ನಿಗಾರಿಯನ್ನೆಲ್ಲ ಕಿತ್ತುಕೊಂಡಿತ್ತು. ಅದರಿಂದ ತೆಗೆಯುವ ಹಗುರ ಲೋಹ ವಿಮಾನಗಳಿಗೆ ಬೇಕಂತೆ. ಆಗ ಅಪ್ಪ ಜಿಪ್ಸಮ್ ಪುಡಿ ಹಾಕಿ ತೋಫು ಮಾಡಿ, ಗಿರಾಕಿಗಳ ಮುಖ ನೋಡಲಾರದೆ ತಲೆ ತಗ್ಗಿಸಿ ಮಾರಿದ್ದನ್ನು ತಮೇಗೊರೋ ಮರೆತಿರಲಿಲ್ಲ. ಆ ಪುಡಿ ತನ್ನ ಹೊಸ್ತಿಲು ತುಳಿಯಕೂಡದೆಂದು ಅವನ ಶಪಥ.

ಅವನಿಗೆ ನಿಗಾರಿ ಕೊಡುತ್ತಿದ್ದವನು ಬಾಲ್ಯದ ಗೆಳೆಯ ಯಸಾಕು, ಸೌದೆ ಉರಿಯಲ್ಲಿ ಉಪ್ಪು ಬೇಯಿಸುತ್ತಿದ್ದ ಊರಿನ ಕೊನೆಯ ಮನುಷ್ಯ. ಕೊನೆಕೊನೆಗೆ ಯಸಾಕುವಿನ ಹಲ್ಲೆಲ್ಲ ಉದುರಿ ಬಾಯಿ ಬೋಳಾಗಿತ್ತು.

"ಸ್ವಲ್ಪ ಮೆತ್ತಗೆ ಮಾಡ್ಕೊಡೋ, ನಿನ್ನ ಕೈ ಸೇದಿ ಹೋಗುತ್ತಾ?" ಎಂದು ಕೇಳುತ್ತಿದ್ದ.

"ಹಲ್ಲು ಕಟ್ಟಿಸ್ಕೋ ಹೋಗೋ. ನಿನ್ನ ಬಾಯಿ ನೋಡಿ ನನ್ನ ಕಸುಬು ಕೆಡಿಸ್ಕೊಳ್ಳಲಾ?" ಎನ್ನುತ್ತಿದ್ದ ತಮೇಗೊರೋ. ಇಬ್ಬರೂ ನಗುತ್ತಿದ್ದರು.

ಬೇಸಿಗೆಯಲ್ಲಿ ಯಸಾಕು ತೀರಿಕೊಂಡ. ಅವನು ಕೊಟ್ಟ ಒಂದೇ ಒಂದು ಜಾಡಿ ನಿಗಾರಿ ಉಳಿಯಿತು. ನಲವತ್ತೊಂಬತ್ತನೇ ದಿನ ದೇವಸ್ಥಾನದಲ್ಲಿ ನಡೆಯುವ ಶ್ರಾದ್ಧದ ಊಟಕ್ಕೆ ಅದರಲ್ಲೇ ತೋಫು ಮಾಡಿ ಬಡಿಸುತ್ತೇನೆಂದು ತಮೇಗೊರೋ ಹೆಣದ ಮುಂದೆ ಮಾತು ಕೊಟ್ಟ.

ಅಷ್ಟರಲ್ಲಿ ಟೀವಿಯಲ್ಲಿ ಬಿಳಿ ಕೋಟಿನವನೊಬ್ಬ ಕಾಣಿಸಿಕೊಂಡ. ಮೆಗ್ನೀಸಿಯಂ ದೇಹದಲ್ಲಿ ಮುನ್ನೂರು ಕೆಲಸ ಮಾಡುತ್ತದೆ, ಎಲುಬಿಗೆ ಬೇಕು, ನರಕ್ಕೆ ಬೇಕು, ಸ್ನಾಯುವಿಗೆ ಬೇಕು ಎಂದ. ಅದೆಲ್ಲ ನಿಜವೇ. ಮುನ್ನೂರ ಒಂದನೆಯದಾಗಿ ನಿಗಾರಿ ಸೊಂಟ ಕರಗಿಸುತ್ತದೆ ಎಂದೂ ಸೇರಿಸಿಬಿಟ್ಟ. ಬಂದರು ಬೀದಿಯ ಹೆಂಗಸರಿಗೆ ಮುನ್ನೂರೂ ಕೇಳಿಸಲಿಲ್ಲ, ಆ ಒಂದು ಕೇಳಿಸಿತು. ಮೂರೇ ದಿನದಲ್ಲಿ ಯಾವ ಅಂಗಡಿಯಲ್ಲೂ ನಿಗಾರಿ ಇಲ್ಲ. ಬೀದಿಯ ತುಂಬ ಮಾತ್ರ ಅವಸರದ ನಡಿಗೆ, ಮನೆಮನೆಯ ಪಾಯಿಖಾನೆಗೂ ಸರದಿ. ತೂಕ ಇಳಿಯಿತೆಂದು ಎಲ್ಲರೂ ಹಿಗ್ಗಿದರು. ಇಳಿದಿದ್ದು ಬರೀ ನೀರು, ಪುಣ್ಯಾತ್ಗಿತ್ತಿಯರೇ!

ಊಟದ ದಿನ ಬೆಳಿಗ್ಗೆ ತಮೇಗೊರೋ ನಲವತ್ತು ಜನಕ್ಕಾಗುವಷ್ಟು ಹಾಲು ಕಾಯಿಸಿ, ಜಾಡಿಯಿಂದ ಒಂದು ಸೌಟು ಹಾಕಿ ತಿರುವಿದ. ಹಾಲು ಹಾಲಾಗಿಯೇ ಇತ್ತು. ಇನ್ನೊಂದು ಸೌಟು ಹಾಕಿದ. ಊಹೂಂ. ಜಾಡಿಗೆ ಬೆರಳದ್ದಿ ನೆಕ್ಕಿದ. ಸಪ್ಪೆ. ನಲ್ಲಿ ನೀರು!

"ಫುಸಾ!"

ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತಳು. "ಒಂದೊಂದು ಪುಟ್ಟ ಶೀಶೆ ಕೊಟ್ಟೆ, ಅಷ್ಟೇ ರೀ."

"ಯಾರಿಗೆ?"

"ಎಲ್ಲರಿಗೂ... ಖಾಲಿ ಆದದ್ದು ನಿಮಗೆ ಗೊತ್ತಾಗ್ಬಾರ್ದು ಅಂತ ನೀರು ತುಂಬಿಸ್ದೆ." ಮರುಕ್ಷಣವೇ ಸಿಡಿದಳು. "ನಿಮ್ಮ ಬಾಯಿಗೆ ಹೆದರಿ ನಲವತ್ತು ವರ್ಷ ಈ ಬೀದಿಯಲ್ಲಿ ಯಾರೂ ನನ್ನ ಹತ್ರ ನಿಂತು ಮಾತಾಡ್ಲಿಲ್ಲ. ಈ ತಿಂಗಳು ಎಲ್ಲರೂ ಅಕ್ಕಾ ಅಕ್ಕಾ ಅಂದ್ರು!"

ತಮೇಗೊರೋನ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಹಾಲಿನ ಉರಿ ನೋಡಿಕೊಳ್ಳಲು ಅವಳಿಗೆ ಹೇಳಿ, ಬಟ್ಟಲು ಹಿಡಿದು ಬೀದಿಗಿಳಿದ. ಮೊಸರಿಗೆ ಹೆಪ್ಪು ಕೇಳುವವರ ಹಾಗೆ ಮನೆಮನೆಯ ಮುಂದೆ ನಿಂತ. "ಉಳಿದಿದ್ರೆ ಕೊಡೀಮ್ಮ. ಯಸಾಕುವಿನ ತೋಫುಗೆ." ಅವನ ಬಾಯಲ್ಲಿ ಅಮ್ಮ ಎಂಬ ಮಾತು ಕೇಳಿ ಹೆಂಗಸರು ದಂಗಾದರು. ಒಬ್ಬಳು ಅರ್ಧ ಶೀಶೆ ತಂದಳು, ಒಬ್ಬಳು ತಳದ ನಾಲ್ಕು ಹನಿ. ಕ್ಷೌರಿಕನ ಹೆಂಡತಿ ಪಾಯಿಖಾನೆಯೊಳಗಿಂದಲೇ ಕೂಗಿದಳು: "ಕಿಟಕಿ ಮೇಲಿದೆ, ಶೀಶೆ ಸಮೇತ ತಗೊಂಡ್ಹೋಗಿ ಮಾರಾಯ್ರೇ, ನಂಗೆ ಸಾಕಾಯ್ತು!"

ಕೊನೆಗೆ ದೇವಸ್ಥಾನ. ಶರೀರ ನೀರ ಮೇಲಿನ ಗುಳ್ಳೆ ಎಂದು ಪ್ರತಿ ಶ್ರಾದ್ಧದಲ್ಲೂ ಬೋಧಿಸುವ ಗುರುಗಳು ಅತ್ತಿತ್ತ ನೋಡಿ, ನಿಲುವಂಗಿಯ ತೋಳಿನ ಒಳಜೇಬಿನಿಂದ ಶೀಶೆ ತೆಗೆದರು.

"ಮಂಡಿನೋವಿಗೆ ಕಣಪ್ಪಾ."

"ಮಂಡಿ ಅಷ್ಟು ಮುಂದಕ್ಕೆ ಬಂದಿದೆಯಾ ಗುರುಗಳೇ?" ಎಂದು ತಮೇಗೊರೋ ಅವರ ಹೊಟ್ಟೆ ನೋಡಿದ.

ಎಲ್ಲ ಸೇರಿಸಿದರೂ ಬೇಕಾದ ಅರ್ಧಕ್ಕಿಂತ ಕೊಂಚವೇ ಹೆಚ್ಚು. ಹಾಲು ಮೋಡಮೋಡವಾಗಿ ಒಡೆಯಿತು, ಗಟ್ಟಿಯಾಗಲಿಲ್ಲ. ಅಚ್ಚಿಗೆ ಹಾಕಿದರೆ ಬಟ್ಟೆಯಿಂದ ಸೋರುತ್ತದೆ. ಕಲ್ಲು ಹೇರುವ ಮಾತೇ ಇಲ್ಲ. ಮಧ್ಯಾಹ್ನವಾಗುತ್ತ ಬಂದಿತ್ತು. ಅವನು ಹಂಡೆ ಸಮೇತ ದೇವಸ್ಥಾನಕ್ಕೆ ಹೊತ್ತೊಯ್ದು, ಥೇಟ್ ಅಪ್ಪನ ಹಾಗೆ ತಲೆ ತಗ್ಗಿಸಿ, ಬಟ್ಟಲುಗಳಿಗೆ ಸೌಟಿನಲ್ಲಿ ಬಡಿಸಿದ. ಐವತ್ತೈದು ವರ್ಷದ ಮಾನ ನಲವತ್ತು ಬಟ್ಟಲಲ್ಲಿ ಅಲುಗಾಡುತ್ತಿತ್ತು. ಗುರುಗಳು ಮಂತ್ರವನ್ನು ಅರ್ಧಕ್ಕೇ ಮುಗಿಸಿ ಹಿತ್ತಲಿಗೆ ಧಾವಿಸಿದರೂ ಅವನಿಗೆ ನಗು ಬರಲಿಲ್ಲ.

ಯಸಾಕುವಿನ ಹೆಂಡತಿ ತೋಕಿ ಒಂದು ಚಮಚ ಬಾಯಿಗಿಟ್ಟಳು.

"ತಪ್ಪಾಯ್ತು ಅತ್ತಿಗೆ. ಗಂಜಿ ಆಗ್ಹೋಯ್ತು," ಎಂದ ತಮೇಗೊರೋ.

"ಇದನ್ನೇ ಅವರು ಕೇಳ್ತಿದ್ದದ್ದು," ಎಂದಳು ತೋಕಿ. "ಹೋಗೋಕೆ ಒಂದು ವಾರ ಮುಂಚೆ, ಇನ್ನೊಂದ್ಸಲ ಕೇಳಿ ಬಾ, ಏನೂ ಗಂಟಲಲ್ಲಿ ಇಳೀತಿಲ್ಲ ಅಂದ್ರು. ನಿಮ್ಮ ಅಂಗಡಿ ಬಾಗಿಲ ತನಕ ಬಂದಿದ್ದೆ. ಒಳಗೆ ಯಾರಿಗೋ ಬೈತಾ ಇದ್ರಿ. ಹೆದರಿ ವಾಪಸ್ ಹೋದೆ."

ತಮೇಗೊರೋ ಹಂಡೆಯ ತಳ ಕೆರೆದು ಒಂದು ಬಟ್ಟಲು ತುಂಬಿಸಿ, ಗೆಳೆಯನ ಫೋಟೋದ ಮುಂದೆ ಇಟ್ಟ.

"ತಿನ್ನೋ," ಎಂದ. "ಅಂಚೂ ಇಲ್ಲ, ಗಿಂಚೂ ಇಲ್ಲ. ತಿನ್ನು."