ಸತೀಶ್‌ಕುಮಾರ್ ಮೂರನೇ ಸಲ ಬ್ರೋಕರ್ ಪರೀಕ್ಷೆಗೆ ಕೂತದ್ದು

ದಿಂಡಿಗಲ್ ಬಸ್ ನಿಲ್ದಾಣದ ಹಿಂದಿನ ವಿಮಾ ಬ್ರೋಕರ್ ಕಚೇರಿಯಲ್ಲಿ ಸತೀಶ್‌ಕುಮಾರನಿಗೆ ನಾಲ್ಕು ವರ್ಷದಿಂದ ಒಂದೇ ಕೆಲಸ: ಬೇರೆಯವರು ಮಾಡಿಸಿದ ಪಾಲಿಸಿಗಳ ಕಾಗದ ಜೋಡಿಸಿ ಪಿನ್ ಹೊಡೆಯುವುದು. ಅದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ, ಬೇರೆ ಯಾರೂ ಹೇಳದ್ದರಿಂದ. ಗಿರಾಕಿಯ ಎದುರು ಕೂತು ಸಲಹೆ ಕೊಡಬೇಕಾದರೆ ಬ್ರೋಕರ್ ಪರೀಕ್ಷೆ ಪಾಸಾಗಿರಬೇಕು. ಎರಡು ಸಲ ಬರೆದಿದ್ದ. ಮೊದಲು ನಲವತ್ತೊಂದು ಬಂತು, ಆಮೇಲೆ ಮೂವತ್ತೊಂಬತ್ತು. ಓದಿದಷ್ಟೂ ಅಂಕ ಇಳಿಯುವ ತಲೆ ತನ್ನದೆಂದು ಅವನಿಗೆ ಖಾತ್ರಿಯಾಗಿತ್ತು.

ಕಚೇರಿ ನಡೆಸುವ ಮಣಿಮೇಗಲೈ ಮೇಡಂ ಕೋಪ ಮಾಡುವವರಲ್ಲ. ಅದೇ ಅವನಿಗೆ ಹೆಚ್ಚು ಭಯ. "ತಂಬಿ, ಈ ಸಲವೂ ಆಗದಿದ್ದರೆ ಗಿರಾಕಿ ಎದುರಿನ ಆ ಕುರ್ಚಿಗೆ ಪಾಸಾದವರನ್ನೇ ತರ್ತೀನಿ," ಎಂದರು.

ಶನಿವಾರ ಪುಸ್ತಕ ಹೊತ್ತು ಕಂಬಂ ಬಸ್ಸು ಹತ್ತಿದ. ಊರಲ್ಲಿ ಅಜ್ಜಿ ರಂಗಮ್ಮಾಳ್ ದ್ರಾಕ್ಷಿ ಚಪ್ಪರದ ಪಕ್ಕ ಮೂರು ಹಸು ಕಟ್ಟಿಕೊಂಡಿದ್ದಳು. ಅವನು ಮನೆಯ ಕನ್ನಡ ಆಡುತ್ತಿದ್ದುದು ಆಕೆಯೊಬ್ಬಳ ಜೊತೆ, ಅದೂ ಪ್ರತಿ ಎರಡನೇ ಮಾತಿಗೆ ತಮಿಳಿಗೆ ಜಾರುತ್ತ. ಅವನು ಇಂಗ್ಲಿಷನ್ನು ಗಟ್ಟಿಯಾಗಿ ಒದರುವುದನ್ನು ಆಕೆ ಸಗಣಿ ಬಾಚುತ್ತಲೇ ಕೇಳಿದಳು.

"ಏನ್ಲಾ ಅದು, ಮಂತ್ರವಾ?"

"ಪರಿಚ್ಚೆಗೆ, ಅವ್ವಾ. ಏಜೆಂಟ್ ಅಂದ್ರೆ ಕಂಪ್ನಿ ಕಡೆ ಆಳು. ಬ್ರೋಕರ್ ಅಂದ್ರೆ ಗಿರಾಕಿ ಕಡೆ."

"ಬ್ರೋಕರ್‌ಗೆ ಕೂಲಿ ಕೊಡೋದ್ಯಾರು?"

"ಕಂಪ್ನಿ ತಾನ್."

"ಕೂಲಿ ಅವುನ್ದು, ಕಡೆ ನಮ್ದಾ? ನಿಮ್ ತಾತನೂ ದನದ್ ಸಂತೇಲಿ ದಲ್ಲಾಳಿಯಾಗಿ ಇಂಗೇ ಯೋಳ್ತಿದ್ದ. ಯಾರೂ ನಂಬ್ನಿಲ್ಲ."

ಪುಸ್ತಕದಲ್ಲಿ ಇದಕ್ಕೆ ಉತ್ತರವಿತ್ತು. ಅವನಿಗೆ ಪುಟ ನೆನಪಿತ್ತು, ಉತ್ತರವಲ್ಲ.

ಮರುದಿನ ಬೆಳಿಗ್ಗೆ ಉತ್ತಮಪಾಳಯದಿಂದ ಅಜಿತ್‌ಕುಮಾರ್ ಎಂಬ ಕನ್ನಡ ಮನೆಮಾತಿನವನೊಬ್ಬ, ಬಿಳಿ ಹಸು ಕೊಳ್ಳಲು ಟೆಂಪೋ ತಂದ. ಅಜ್ಜಿ ಚಪ್ಪರದೊಳಗಿದ್ದಳು. ವ್ಯಾಪಾರ ಅಂದರೇನೆಂದು ತೋರಿಸುವ ಹುರುಪು ಸತೀಶನಿಗೆ. ದಿನಕ್ಕೆ ಎಂಟು ಲೀಟರ್, ಸಾಧು ಪ್ರಾಣಿ, ಏನು ಹಾಕಿದರೂ ತಿನ್ನುತ್ತದೆ ಎಂದ. ಅದು ಒದೆಯುತ್ತದೆಂದು ಅವನ ಮೊಣಕಾಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆತ ಕೇಳಲಿಲ್ಲ, ಇವನು ಹೇಳಲಿಲ್ಲ. ಬೆಲೆ ಕುದುರಿ ಕೈ ಕೈ ಸೇರುವ ಹೊತ್ತಿಗೆ ಅಜ್ಜಿ ಬಂದಳು.

"ಎಡಕ್ಕೆ ಕೂತ್ರೆ ಒದೀತದೆ. ಯೋಳ್ದ್ನಾ?"

"ಇಲ್ವಲ್ಲ, ಅವ್ವಾ," ಎಂದ ಕೊಳ್ಳಲು ಬಂದವನು.

"ಇವ್ನೇ ಎರಡ್ ಸಲ ತಿಂದವ್ನೆ. ಒಂದು ಮೊಲೇಲಿ ಆಲು ಕಮ್ಮಿ. ಗುಡುಗಿದ್ರೆ ಅಗ್ಗ ಹರ್ಕೊಂಡು ಓಡ್ತದೆ. ಇನ್ನೇನಪ್ಪಾ..." ಎಂದು ಹಸುವಿನ ಮುಖ ನೋಡಿದಳು, ಅದೇ ನೆನಪಿಸಲಿ ಎಂಬಂತೆ.

ಬೆಲೆ ಮೂರು ಸಾವಿರ ಇಳಿಯಿತು. ಆದರೂ ಆತ ಹಸುವನ್ನು ಕೊಂಡ. ಮೈಮೇಲಿನ ಕೂದಲ ಸುಳಿಗಳ ಶುಭಾಶುಭ ಪರೀಕ್ಷಿಸದೆ ಯಾರೂ ದನ ಕೊಳ್ಳದ ಸೀಮೆಯಲ್ಲಿ, ಅವನ್ನು ನೋಡದೆಯೇ ಟೆಂಪೋಗೆ ಹತ್ತಿಸಿದ. ಮುಂದೆ ಮಾರುವುದಾದರೆ ಕೊಟ್ಟಿಗೆಯ ಪಡ್ಡೆ ಕರುವನ್ನೂ ತನಗೇ ಇಡಬೇಕೆಂದು ಹೇಳಿ ಹೋದ.

"ಅವ್ನು ಕೇಳ್ಲೇ ಇಲ್ಲ, ಅವ್ವಾ," ಸತೀಶ ಗೊಣಗಿದ.

"ಗೊತ್ತಿಲ್ದೋನು ಏನಂತ ಕೇಳ್ತಾನೆ? ಗೊತ್ತಿರೋಳು ನಾನು. ನಾಳೆ ಅವ್ನ್ ಹೆಂಡ್ತಿ ಹಲ್ಲು ಉದುರುದ್ರೆ?"

ಮೂರನೇ ಅಧ್ಯಾಯ ಪೂರ್ತಿ ಇದೇ ಇತ್ತು. ವಿಮೆ ಮಾಡಿಸುವವನು ತನಗೆ ತಿಳಿದದ್ದನ್ನು ಕೇಳುವ ಮುನ್ನವೇ ಹೇಳಬೇಕು. ಅವನು ಅದನ್ನು ಬಾಯಿಪಾಠ ಮಾಡಿ ಎರಡು ಸಲವೂ ತಪ್ಪು ಬರೆದಿದ್ದ.

ಹಿಂಡಿ ಮೂಟೆಯ ಮೇಲೆ ಕೂತು ಮೊದಲ ಅಧ್ಯಾಯದಿಂದ ಎಲ್ಲವನ್ನೂ ಆಕೆಗೆ ಕನ್ನಡದಲ್ಲಿ ಹೇಳತೊಡಗಿದ. ಕನ್ನಡ ಸಿಗದೆ ತಡವರಿಸಿದ ಕಡೆಯೆಲ್ಲ ಇಂಗ್ಲಿಷೂ ಅರ್ಥವಾಗಿರಲಿಲ್ಲವೆಂದು ಬಯಲಾಗುತ್ತ ಹೋಯಿತು. ವಿಮಾ ಕಂಪನಿಯೇ ಇನ್ನೊಂದು ಕಂಪನಿಯಲ್ಲಿ ವಿಮೆ ಇಳಿಸುತ್ತದೆ ಎಂದಾಗ ಅಜ್ಜಿ ಕೈಕೆಲಸ ನಿಲ್ಲಿಸಿದಳು. "ಅವ್ರ್ಗೂ ಭಯವಾ? ಪಾಪ." ಹೀಗೆ ಐದು ಭಾನುವಾರ ನಡೆಯಿತು. ಆರನೆಯದಕ್ಕೆ ಮಧುರೈಗೆ ಹೋಗಿ ಬರೆದು ಬಂದ.

ಫಲಿತಾಂಶದ ದಿನ ಮೇಡಂ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ಅವನು ಅಂಕೆಯನ್ನು ಎರಡು ಸಲ ಓದಿದ, ಎಡದಿಂದಲೂ ಬಲದಿಂದಲೂ. ಬಲದಿಂದ ಓದಿದರೆ ಫೇಲು.

"ಸೋಮವಾರದಿಂದ ಮೇಜಿನ ಈ ಕಡೆ ಕೂತ್ಕೋ," ಎಂದರು ಮೇಡಂ.

ಮೆಟ್ಟಿಲಿಗೆ ಬಂದು ಊರಿಗೆ ಫೋನ್ ಮಾಡಿದ. "ಐವತ್ತೊಂದು, ಅವ್ವಾ. ಪಾಸು."

"ಎಷ್ಟ್ ಬೇಕಿತ್ತು?"

"ಐವತ್ತು."

ಅಜ್ಜಿ ಲೆಕ್ಕ ಹಾಕಿದಳು. "ಆ ಒಂದ್ ಯಾಕ್ಲಾ ದಂಡಕ್ಕೆ? ಸರಿ, ಬಸ್ ಹತ್ತು. ಕೋಳಿ ಹಿಡುಸ್ತೀನಿ."